ಸರ್ಕಾರದ ಕೊಸರು

ನನ್ನ ಅಮ್ಮ ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಮೀನು ಮಾರುವವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಸ್ಪತ್ರೆಯ ಕಾಗದದಲ್ಲಿ ಉದ್ಯೋಗ ಎಂಬ ಕಡೆ ಯಾರೋ ‘ಗೃಹಿಣಿ’ ಎಂದು ಬರೆದಿದ್ದರು. ಅದನ್ನು ನಾನು ಓದಿ ಹೇಳಿದಾಗ ಅವಳಿಗೆ ಎದೆನೋವಿಗಿಂತ ಹೆಚ್ಚು ನೋವಾಯಿತು. ನನ್ನನ್ನು ಸಾಕಿದ್ದು, ಹೊಲಿಗೆ ಕಲಿಸಿದ್ದು, ಬೈಂದೂರಿಗೆ ಮದುವೆ ಮಾಡಿ ಕೊಟ್ಟದ್ದು ಎಲ್ಲ ಆ ಮೀನಿನ ಬುಟ್ಟಿಯಿಂದಲೇ. ಅಪ್ಪ ನಾನು ಶಾಲೆಗೆ ಸೇರುವ ಮೊದಲೇ ತೀರಿಕೊಂಡಿದ್ದರು. ಗೃಹದಲ್ಲಿ ಕೂತಿದ್ದರೆ ನಾವಿಬ್ಬರೂ ಗಂಜಿಗೆ ಗತಿಯಿಲ್ಲದೆ ಇರುತ್ತಿದ್ದೆವು.

ಅಮ್ಮನ ವ್ಯಾಪಾರಕ್ಕೆ ಎರಡೇ ಕಾನೂನು. ಒಂದು, ಬೋಣಿಗೆ ಚೌಕಾಸಿ ಇಲ್ಲ. ದಿನದ ಮೊದಲ ಗಿರಾಕಿ ಎಷ್ಟು ಕೊಟ್ಟರೂ ಅದನ್ನು ಕಣ್ಣಿಗೆ ಒತ್ತಿಕೊಂಡು ಸೊಂಟದ ಸಂಚಿಗೆ ಹಾಕುವುದು. ಕೊಟ್ಟದ್ದು ಕಡಿಮೆಯಾದರೆ ಮನಸ್ಸಿನಲ್ಲೇ ಬೈದುಕೊಳ್ಳಬಹುದು, ಬಾಯಲ್ಲಿ ಬೈಯುವ ಹಾಗಿಲ್ಲ. ಇನ್ನೊಂದು, ಕೊಸರು. ಬೆಲೆ ಗಟ್ಟಿಯಾಗಿ, ದುಡ್ಡು ಕೈ ಬದಲಾಗಿ, ಮೀನು ಚೀಲಕ್ಕೆ ಹೋದ ಮೇಲೆ ಗಿರಾಕಿ ಅಲ್ಲೇ ನಿಂತು ಬುಟ್ಟಿಯ ಕಡೆ ನೋಡುತ್ತಾನೆ. ಆಗ ಇನ್ನೂ ಎರಡು ಸಣ್ಣ ಮೀನು ಎತ್ತಿ ಮೇಲಿಂದ ಹಾಕಬೇಕು. ಅದು ಕೊಸರು. ಅದಕ್ಕೆ ಬೆಲೆ ಇಲ್ಲ, ಲೆಕ್ಕವೂ ಇಲ್ಲ. ಆದರೆ ಅದು ಬೀಳುವ ತನಕ ವ್ಯಾಪಾರ ಮುಗಿದಂತೆ ಅಲ್ಲ. ಕೊಸರು ಹಾಕದ ಹೆಂಗಸರ ಬಗ್ಗೆ ಮಾರ್ಕೆಟ್ಟಿನಲ್ಲಿ ಏನೇನು ಮಾತು ಬರುತ್ತದೆ ಎಂಬುದನ್ನು ಇಲ್ಲಿ ಬರೆಯಲು ನನಗೆ ನಾಚಿಕೆ.

ಆ ದಿನ ಒಬ್ಬ ಗಿರಾಕಿ ಬಂಗುಡೆಗೆ ಅರ್ಧ ಬೆಲೆ ಕೇಳಿದನಂತೆ. ಅಮ್ಮನ ಎದೆ ಹಿಂಡಿದಂತಾಗಿ, ಬೆವರು ಕಿತ್ತುಕೊಂಡು, ಎಡಗೈ ಜೋಮು ಹಿಡಿಯಿತು. ಡಾಕ್ಟರು ಏನೇ ಹೇಳಲಿ, ತನ್ನ ರಕ್ತನಾಳ ಕಟ್ಟಿದ್ದು ಕೊಬ್ಬಿನಿಂದ ಅಲ್ಲ, ಆ ಮನುಷ್ಯನಿಂದ ಎಂಬುದು ಇಂದಿಗೂ ಅವಳ ವಾದ. ಪಕ್ಕದಲ್ಲಿ ಮೀನು ಮಾರುವ ಹೆಂಗಸರು ಅವಳನ್ನು ರಿಕ್ಷಾದಲ್ಲಿ ಹಾಕಿ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಇಸಿಜಿ ನೋಡಿದವರೇ ಶಿಫಾರಸು ಚೀಟಿ ಬರೆದು ಆಂಬುಲೆನ್ಸಿನಲ್ಲಿ ಬ್ರಹ್ಮಾವರಕ್ಕೆ ಕಳಿಸಿದರು. ನಾನು ಬೈಂದೂರಿನಿಂದ ಬಸ್ಸು ಬದಲಿಸಿ ಬದಲಿಸಿ ಬ್ರಹ್ಮಾವರದ ಆಸ್ಪತ್ರೆಗೆ ಬಂದು ಮುಟ್ಟುವಾಗ, ಅಮ್ಮನ ಕೈಯ ಮಣಿಕಟ್ಟಿನಿಂದ ತಂತಿ ತೂರಿಸಿ ಹೃದಯದೊಳಗೆ ಸ್ಟೆಂಟು ಹಾಕಿ ಆಗಿತ್ತು. ಅಮ್ಮ ಅದಕ್ಕೆ ಸ್ಪ್ರಿಂಗು ಎನ್ನುತ್ತಾಳೆ. ನನ್ನನ್ನು ನೋಡಿದ ಕೂಡಲೇ ಅವಳು ಕೇಳಿದ್ದು ಬುಟ್ಟಿಯಲ್ಲಿ ಉಳಿದ ಬಂಗುಡೆ ಏನಾಯಿತು ಎಂದು. ನಾನು ಗೋಡೆಗೆ ಒರಗಿ ಅತ್ತೆ. ಅಷ್ಟು ಹೆದರಿದ್ದೆ.

ಹೃದಯದ ಡಾಕ್ಟರು ಇನ್ನೂ ಪ್ರಾಯದವರು, ಘಟ್ಟದ ಮೇಲಿನವರು. ಮಾತು ಕಡಿಮೆ. ಇನ್ನೊಂದು ನಾಳವೂ ಅರ್ಧಕ್ಕಿಂತ ಹೆಚ್ಚು ಕಟ್ಟಿದೆ, ಈಗಲೇ ಮುಟ್ಟುವುದು ಬೇಡ, ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅದಕ್ಕೂ ಸ್ಟೆಂಟು ಹಾಕಲೇಬೇಕು, ತಡ ಮಾಡಿದರೆ ಕಷ್ಟ ಎಂದು ನನ್ನನ್ನು ಬದಿಗೆ ಕರೆದು ಹೇಳಿದರು. ದುಡ್ಡಿನ ವಿಷಯ ಅವರು ಎತ್ತಲೇ ಇಲ್ಲ. ಅಮ್ಮನ ಹತ್ತಿರ ಸರ್ಕಾರದ ಆರೋಗ್ಯ ಕಾರ್ಡು ಇತ್ತು. ಅದು ಅಕ್ಕಿ ಡಬ್ಬದೊಳಗೆ ಎರಡು ವರ್ಷ ಮಲಗಿ ಸ್ವಲ್ಪ ಹುಳ ಹತ್ತಿದ್ದರೂ ಕೆಲಸ ಮಾಡಿತು.

ತೊಂದರೆ ಶುರುವಾದದ್ದು ಮನೆಗೆ ಹೊರಡುವ ದಿನ. ಅಮ್ಮ ಹಾಸಿಗೆಯ ಅಂಚಿನಲ್ಲಿ ಕೂತು, ಸೀರೆಯ ನೆರಿಗೆ ಸರಿ ಮಾಡಿಕೊಳ್ಳುತ್ತ, ಸಂಚಿಗೆ ಕೈ ಹಾಕಿದಳು.

“ಹೆಣೆ, ಎಷ್ಟ್ ಆಯ್ತಂಬ್ರ್?”

“ಎಂತದೂ ಇಲ್ಲೆ ಅಮ್ಮ. ಕಾರ್ಡ್ ಇತ್ತಲೆ. ಸರ್ಕಾರ ಕೊಡತ್ತ್.”

“ಕೊಟ್ಟಾಯ್ತಾ?”

“ಇನ್ನ್ ಇಲ್ಲೆ. ಕಡೆಗೆ ಕೊಡತ್ತ್.”

“ಕಡೆಗೆ ಅಂದ್ರೆ?”

“ತಿಂಗ್ಳ್‌ಗಟ್ಲೆ ಹೋತ್ತಂಬ್ರ್.”

ಅಮ್ಮನ ಮುಖ ನೋಡಬೇಕಿತ್ತು. “ಹಾಂಗಾರೆ ಸಾಲ! ನನ್ ಎದಿ ಒಳ್ಗೆ ಇಪ್ಪುದ್ ಸಾಲದ್ ಸಾಮಾನಾ?”

ಜನ್ಮದಲ್ಲಿ ಅಮ್ಮ ಸಾಲಕ್ಕೆ ಮೀನು ಕೊಟ್ಟವಳಲ್ಲ, ಸಾಲಕ್ಕೆ ಏನನ್ನೂ ತಂದವಳೂ ಅಲ್ಲ. ನಾನು ಸಮಾಧಾನ ಮಾಡಿದಷ್ಟೂ ಅವಳ ತಲೆ ಬೇರೆ ಬೇರೆ ಕಡೆ ಓಡಿತು. ನಮ್ಮ ನೆರೆಯವರೊಬ್ಬರು ಕಂತು ಕಟ್ಟದೆ ಹೋದಾಗ ಫೈನಾನ್ಸಿನವರು ಬಂದು ಅಂಗಳದಿಂದಲೇ ರಿಕ್ಷಾ ಎಳೆದುಕೊಂಡು ಹೋಗಿದ್ದರು. ಅಮ್ಮ ಅದನ್ನು ಕಣ್ಣಾರೆ ಕಂಡವಳು.

“ಸರ್ಕಾರ ದುಡ್ಡ್ ಕೊಡ್ದಿದ್ರೆ ಸ್ಪ್ರಿಂಗ್ ವಾಪಾಸ್ ತೆಗಿತ್ರಾ?” ಎಂದು ಎದೆಗೆ ಕೈ ಅಡ್ಡ ಹಿಡಿದು ಕೇಳಿದಳು.

ಕಾರ್ಡಿನ ಕೌಂಟರಿನಲ್ಲಿ ಕೂರುವ ಹುಡುಗಿ ಕುಂದಾಪುರದ ಕಡೆಯವಳೇ. ನಾನು ಹೇಳಿ ಸೋತು ಅಮ್ಮನನ್ನು ಅವಳ ಮುಂದೆ ಕೂರಿಸಿದೆ. ಆ ಹುಡುಗಿ ಪಾಪ, ತಾಳ್ಮೆಯಿಂದ ವಿವರಿಸಿದಳು. ಒಂದೊಂದು ಚಿಕಿತ್ಸೆಗೆ ಒಂದೊಂದು ಬೆಲೆ ಎಂದು ಸರ್ಕಾರವೇ ಗೊತ್ತು ಮಾಡಿದೆ. ಆಸ್ಪತ್ರೆಯವರು ಫೋಟೋ, ರಿಪೋರ್ಟು ಎಲ್ಲ ಕಳಿಸಬೇಕು. ಸರ್ಕಾರದವರು ನೋಡಿ ಒಪ್ಪಿದ ಮೇಲೆ ದುಡ್ಡು ಆಸ್ಪತ್ರೆಗೆ ಬರುತ್ತದೆ. ಡಾಕ್ಟರ ಪಾಲು ಅದರಿಂದಲೇ.

“ಡಾಕ್ಟ್ರ್ ಎಷ್ಟ್ ಹೇಳಿದ್ರ್?” ಎಂದಳು ಅಮ್ಮ.

“ಡಾಕ್ಟ್ರ್ ಹೇಳೂಕಿಲ್ಲೆ ಅಮ್ಮ. ರೇಟ್ ಸರ್ಕಾರದ್ದೇ.”

“ಮಾರುವವ್ರ್ ರೇಟ್ ಹೇಳೂಕಿಲ್ಲೆ, ತಕಂಬವ್ರೇ ಹೇಳುದಾ! ದುಡ್ಡ್ ಮಾತ್ರ ಕಡೆಗಾ! ಇದೆಂಥಾ ಮಾರ್ಕೆಟ್ ಮಾರಾಯ್ತಿ!”

ಹುಡುಗಿಗೆ ನಗು ತಡೆಯಲಾಗಲಿಲ್ಲ. ಅಮ್ಮನಿಗೆ ಮಾತ್ರ ಡಾಕ್ಟರ ಮೇಲೆ ಅಂದಿನಿಂದ ಅಗಾಧವಾದ ಕನಿಕರ ಹುಟ್ಟಿತು. ಬೆಳಿಗ್ಗೆ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ದೊಡ್ಡ ಹೋಟೆಲಿನವರು ಬಂದು, ತಮ್ಮದೇ ಬೆಲೆ ಹೇಳಿ, ಇಡೀ ರಾಶಿ ಎತ್ತಿಕೊಂಡು, ದುಡ್ಡು ಮುಂದಿನ ತಿಂಗಳು ಎಂದು ಹೋಗುತ್ತಾರಲ್ಲ, ಅಂಥವರ ಕೈಗೆ ಸಿಕ್ಕಿದ ಬಡಪಾಯಿ ಮೀನುಗಾರನ ಹಾಗೆ ಕಂಡರು ಆ ಡಾಕ್ಟರು ಅವಳಿಗೆ. “ಓದಿ ಓದಿ ಕಡೆಗೆ ಇದಾ ಗತಿ” ಎಂದು ಬಸ್ಸಿನಲ್ಲಿ ಬೈಂದೂರಿನ ತನಕ ಗೊಣಗಿದಳು. ಡಾಕ್ಟರ ಕಾರು ನಮ್ಮ ಮನೆಗಿಂತ ದೊಡ್ಡದಿತ್ತು ಎಂದು ನಾನು ಹೇಳಿದ್ದು ಅವಳ ಕಿವಿಗೆ ಬೀಳಲಿಲ್ಲ.

ಅಮ್ಮನನ್ನು ನಾನು ನನ್ನ ಮನೆಯಲ್ಲೇ ಇಟ್ಟುಕೊಂಡೆ. ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಭಾರ ಎತ್ತಬಾರದು, ಬಿಸಿಲಿಗೆ ಹೋಗಬಾರದು, ಕೂಗಾಡಬಾರದು ಎಂದು ಡಾಕ್ಟರು ಹೇಳಿದ್ದರು. ಮೀನು ಮಾರುವ ಹೆಂಗಸಿನಿಂದ ಈ ಮೂರನ್ನು ತೆಗೆದರೆ ಉಳಿಯುವುದು ಏನು? ಅವಳು ಇಡೀ ದಿನ ನನ್ನ ಅಂಗಡಿಯ ಮೂಲೆಯಲ್ಲಿ ಕೂತು ನನ್ನ ಗಿರಾಕಿಗಳ ಜೊತೆ ಚೌಕಾಸಿಗೆ ಇಳಿಯತೊಡಗಿದಳು. ರವಿಕೆಯ ಹೊಲಿಗೆಗೆ ನಾನು ಒಂದು ದರ ಹೇಳಿದರೆ ಅವಳು ಹೆಚ್ಚು ಹೇಳುತ್ತಿದ್ದಳು. ಕಡೆಗೆ ಕೊಸರು ಎಂದು ನನ್ನ ಡಬ್ಬದಿಂದ ನಾಲ್ಕು ಹುಕ್ಕು ತೆಗೆದು ಕೊಟ್ಟು ಕಳಿಸುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಒಮ್ಮೆ ಗದರಿದೆ ಕೂಡ. ಅವಳು ಖಾಲಿ ಸಂಚಿಯ ಬಾಯಿ ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಬಿಚ್ಚಿ ಕೂತಳು. ಆಗ ಅದರ ಅರ್ಥ ನನಗೆ ಹೊಳೆಯಲಿಲ್ಲ.

ಮೊದಲ ತಪಾಸಣೆಗೆ ಬ್ರಹ್ಮಾವರಕ್ಕೆ ಹೊರಟ ದಿನ ಕುಂದಾಪುರದಲ್ಲಿ ಬಸ್ಸು ನಿಂತಿತು. ಅಮ್ಮನ ಮಾರ್ಕೆಟ್ಟಿನ ಗೆಳತಿ ಕಿಟಕಿಯ ಹೊರಗೆ ಪ್ರತ್ಯಕ್ಷಳಾಗಿ, ಗೋಣಿಯಲ್ಲಿ ಸುತ್ತಿದ ಉದ್ದದ ಒಂದು ಕಟ್ಟನ್ನು ಒಳಗೆ ತೂರಿಸಿದಳು. ಅಂಜಲ್! ಸಾವಿರಗಟ್ಟಲೆ ಬೆಲೆಯ ಮೀನು. ನನಗೆ ಗೊತ್ತಿಲ್ಲದೆ ಫೋನಿನಲ್ಲಿ ಎಲ್ಲ ಏರ್ಪಾಡು ಆಗಿತ್ತು. ಮೀನಿನ ಬಾಲ ಕಟ್ಟಿನಿಂದ ಹೊರಗೆ ಇಣುಕುತ್ತಿತ್ತು.

“ಹ್ವಾಯ್ ಅಮ್ಮಾ, ಮೀನ್ ಹಿಂದೆ ಇಡಿ, ವಾಸ್ನಿ ಬತ್ತ್” ಎಂದ ಕಂಡಕ್ಟರ್.

“ಇದ್ ಈಗ್ಳ್ ದೋಣಿಂದ ಇಳ್ದ ಮೀನ್. ವಾಸ್ನಿ ಬಪ್ಪುದ್ ನಿನ್ ಬಸ್ಸಿಂದೇ” ಎಂದಳು ಅಮ್ಮ. ಕೂಗಾಡಬಾರದು ಎಂದು ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ಇದು ಕೂಗಾಟ ಅಲ್ಲ, ಮಾತು ಎಂದಳು.

ಆಸ್ಪತ್ರೆಯ ಬಾಗಿಲಲ್ಲಿ ಸೆಕ್ಯುರಿಟಿಯವನು ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಎಂದ. ಹಸಿ ಮೀನು ತಿಂಡಿ ಹೇಗಾಗುತ್ತದೆ, ನೀನು ಹಸಿಯೇ ತಿನ್ನುತ್ತೀಯಾ ಎಂದು ಅಮ್ಮ ಕೇಳಿದ್ದಕ್ಕೆ ಅವನು ಬಾಗಿಲು ಬಿಟ್ಟು ಸರಿದ. ಹೀಗೆ ಅಂಜಲ್ ಲಿಫ್ಟು ಹತ್ತಿ, ಸರತಿಯಲ್ಲಿ ಕೂತು, ಕೊನೆಗೆ ಡಾಕ್ಟರ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಹೃದಯದ ಪಕ್ಕದಲ್ಲಿ ಮಲಗಿತು. ಡಾಕ್ಟರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

“ಅಮ್ಮಾ, ಇದೆಲ್ಲ ನಾವು ತಗೊಳ್ಳೋ ಹಾಗಿಲ್ಲ. ಸರ್ಕಾರ ದುಡ್ಡು ಕೊಡತ್ತೆ.”

“ಕೊಟ್ಟಾಯ್ತಾ?”

“ಇಲ್ಲ… ಬರತ್ತೆ.”

“ಕಾಣ್ ಹೆಣೆ!” ಎಂದಳು ಅಮ್ಮ ನನ್ನ ಕಡೆ ತಿರುಗಿ, ನಾನೇ ಆ ಸರ್ಕಾರ ಎನ್ನುವ ಹಾಗೆ. “ಡಾಕ್ಟ್ರೇ, ನೀವ್ ಮೀನ್ ತಿಂತ್ರಿಯಾ ಇಲ್ಯಾ?”

ಡಾಕ್ಟರು ಮೀನಿನ ಕಡೆ ನೋಡಿದರು. ಬೇಡವೆನ್ನುವ ಬಾಯಿಯೂ ಬೇಕೆನ್ನುವ ಕಣ್ಣೂ ಒಂದೇ ಮುಖದಲ್ಲಿ ಇರುವುದನ್ನು ನಾನು ಅಂದೇ ಮೊದಲು ಕಂಡದ್ದು. ಅಷ್ಟರಲ್ಲಿ ನರ್ಸು ನನ್ನನ್ನು ಮಾತ್ರೆಯ ಚೀಟಿಗೆ ಸೀಲು ಹಾಕಿಸಲು ಕೆಳಗೆ ಕಳಿಸಿದರು. ನಾನು ತಿರುಗಿ ಬರುವಾಗ ಮೇಜಿನ ಮೇಲೆ ಮೀನು ಇರಲಿಲ್ಲ. ಡಾಕ್ಟರು ನಗುತ್ತಿದ್ದರು. ಅಮ್ಮ ಅವರಿಗೆ ಅಂಜಲನ್ನು ಹೇಗೆ ಕಡಿಸಬೇಕು, ತಲೆಯನ್ನು ಯಾಕೆ ಎಸೆಯಬಾರದು ಎಂದು ಪಾಠ ಮಾಡುತ್ತಿದ್ದಳು.

“ತಕಂಡ್ರಾ?” ಎಂದೆ ಹೊರಗೆ ಬಂದ ಮೇಲೆ.

“ತಕಂಡ್ರ್” ಎಂದಳು. ಅವಳ ನಡಿಗೆಯೇ ಬದಲಾಗಿತ್ತು. ಬಸ್ಸಿನಲ್ಲಿ ಕಿಟಕಿಯ ಬದಿ ಕೂತು, ಸೊಂಟದ ಮೇಲೆ ಕೈ ಇಟ್ಟುಕೊಂಡು, ಹೆಮ್ಮಾಡಿ ದಾಟುವ ತನಕ ಒಬ್ಬಳೇ ನಗುತ್ತಿದ್ದಳು. ಸಾಲ ತೀರಿದ ಖುಷಿ ಎಂದುಕೊಂಡು ನಾನೂ ನಕ್ಕೆ.

ಆಮೇಲೆ ಬಂತು ಆ ಫೋನು. ಮಧ್ಯಾಹ್ನ ನಾನು ಒಂದು ಮದುವೆಯ ರವಿಕೆಗೆ ಕತ್ತರಿ ಹಾಕುತ್ತಿದ್ದೆ. ಕೈ ಬಿಡುವಿಲ್ಲದೆ ಫೋನನ್ನು ಸ್ಪೀಕರಿಗೆ ಹಾಕಿ ಅಮ್ಮನ ಮುಂದೆ ಇಟ್ಟೆ. ಬೆಂಗಳೂರಿನಿಂದ ಒಬ್ಬ ಹುಡುಗಿ, ಆರೋಗ್ಯ ಕಾರ್ಡಿನ ವತಿಯಿಂದ. ಪುಸ್ತಕ ಓದಿದ ಹಾಗೆ ಮಾತು. ತಾವು ಆಸ್ಪತ್ರೆಯಲ್ಲಿ ದಾಖಲಾಗಿದ್ದು ನಿಜವೇ? ಚಿಕಿತ್ಸೆ ತೃಪ್ತಿಕರವಾಗಿತ್ತೇ? ಅಮ್ಮ ಎಲ್ಲದಕ್ಕೂ ಹೂಂ ಹೂಂ ಎಂದು ಗತ್ತಿನಿಂದ ಉತ್ತರಿಸಿದಳು. ಸರ್ಕಾರವೇ ತನ್ನನ್ನು ವಿಚಾರಿಸಿಕೊಳ್ಳಲು ಫೋನು ಮಾಡಿದೆ ಎಂಬ ಬಿಗುಮಾನ.

“ವೈದ್ಯರಾಗಲೀ ಸಿಬ್ಬಂದಿಯಾಗಲೀ ತಮ್ಮಿಂದ ಹಣ ಅಥವಾ ವಸ್ತು ಪಡೆದಿದ್ದಾರೆಯೇ?”

“ಪಡ್ದಿದ್ರ್!” ಎಂದಳು ಅಮ್ಮ, ಇಡೀ ಬೈಂದೂರಿಗೆ ಕೇಳುವ ಹಾಗೆ. “ಅಂಜಲ್. ಮೊಳಕ್ಕಿಂತ ಉದ್ದ.”

ನಾನು ಕತ್ತರಿ ಹಿಡಿದುಕೊಂಡೇ ಕೈ ಬೀಸಿದೆ. ಅಮ್ಮ ಅದನ್ನು, ಇನ್ನೂ ಉದ್ದ ಹೇಳು ಎಂದು ತಿಳಿದಳು.

“ಒಂದೂವರೆ ಮೊಳ ಅಂದೇಳಿ ಬರ್ಕಣಿ. ಪುಕ್ಸಟ್ಟೆ ಮದ್ದ್ ಮಾಡ್ಸ್‌ಕಂಬವ್ಳ್ ನಾನಲ್ಲ.”

“ತಮ್ಮ ಉತ್ತರ ಹೌದು ಎಂದು ದಾಖಲಿಸಲೇ?”

“ಹೌದ್. ಗಟ್ಟಿ ಹೌದ್!”

ಆ ಕಡೆಯಿಂದ ಧನ್ಯವಾದ ಬಂತು. ಈ ಕಡೆ ಮದುವೆಯ ರವಿಕೆಯ ತೋಳು ಕುತ್ತಿಗೆಯ ತನಕ ಕತ್ತರಿಸಿ ಹೋಗಿತ್ತು.

ನನಗೆ ಆಗಲೇ ಅನುಮಾನ ಇತ್ತು, ಆದರೆ ಒಂದು ಮೀನಿಗಾಗಿ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಎಂದು ಸುಮ್ಮನಾದೆ. ಎರಡನೇ ಸ್ಟೆಂಟಿನ ಸಮಯ ಬಂದಾಗ ಕೌಂಟರಿನ ಹುಡುಗಿಯ ಫೋನು ಬಂತು. ಅಮ್ಮನ ಹೆಸರಿಗೆ ಮಂಜೂರಾತಿ ಕೇಳಿದರೆ ಕಂಪ್ಯೂಟರು ತಡೆಹಿಡಿದಿದೆ ಎಂದು ತೋರಿಸುತ್ತದೆ. ಮೊದಲನೇ ಸ್ಟೆಂಟಿನ ದುಡ್ಡೂ ನಿಂತಿದೆ. ಡಾಕ್ಟರು ರೋಗಿಯಿಂದ ವಸ್ತು ಪಡೆದ ಬಗ್ಗೆ ದೂರು ಇದೆ, ತನಿಖೆ ಮುಗಿಯದೆ ಏನೂ ಆಗದು.

“ದೂರಾ? ಯಾರ್ ಕೊಟ್ಟದ್?” ಎಂದು ಕೇಳಿದೆ, ಉತ್ತರ ನನ್ನ ಎದುರಿಗೇ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರೂ.

ಹುಡುಗಿ ದನಿ ತಗ್ಗಿಸಿ ಹೇಳಿದಳು. ಡಾಕ್ಟರು ತುಂಬ ಬೇಸರದಲ್ಲಿದ್ದಾರೆ, ಅಮ್ಮನಿಗೆ ನಡೆದಾಡುವಾಗ ಮತ್ತೆ ಎದೆ ಬಿಗಿಯುತ್ತದೆ ಎಂದು ಹೇಳಿದ್ದೀರಲ್ಲ, ಹೆಚ್ಚು ದಿನ ಕಾಯುವ ಹಾಗಿಲ್ಲ ಎನ್ನುತ್ತಿದ್ದಾರೆ. ಬೇಕಾದರೆ ತಮ್ಮ ಪಾಲು ಬಿಟ್ಟು ಮಾಡಿಕೊಡುತ್ತಾರಂತೆ, ಆದರೆ ಸ್ಟೆಂಟಿನ ದುಡ್ಡನ್ನು ಯಾರಾದರೂ ಕಟ್ಟಲೇಬೇಕು. ನಾನು ಫೋನಿಟ್ಟು ಅಮ್ಮನಿಗೆ ಎಲ್ಲ ಹೇಳಿದೆ. ಹೇಳುವಾಗ ಸಿಟ್ಟೂ ಇತ್ತು, ಹೆದರಿಕೆಯೂ ಇತ್ತು.

“ಇನ್ನೊಂದ್ ಸಾಲ ಬ್ಯಾಡ” ಎಂದಷ್ಟೇ ಅಂದಳು ಅಮ್ಮ. ಆಮೇಲೆ ಎಲೆಗೆ ಅಡಿಕೆ ಇಟ್ಟು ಮಡಚಿ, “ಕೊಟ್ಟದ್ದನ್ನ್ ಕೊಟ್ಟೆ ಅಂಬುದ್ ಹ್ಯಾಂಗೆ ದೂರ್ ಆತ್ತ್?” ಎಂದಳು.

ಆ ದಿನಗಳಲ್ಲಿ ಅಮ್ಮ ಅಂಗಳದ ತುದಿಯ ಬಾವಿಯ ತನಕ ಹೋಗಿ ಬರುವುದರೊಳಗೆ ಎರಡು ಸಲ ನಿಲ್ಲುತ್ತಿದ್ದಳು. ಹೂವಿನ ಗಿಡ ನೋಡಲು ನಿಂತವಳ ಹಾಗೆ ನಟಿಸುತ್ತಿದ್ದಳು. ಹೂವೇ ಇಲ್ಲದ ಗಿಡವನ್ನು ಅಷ್ಟು ಹೊತ್ತು ನೋಡುವವರು ಯಾರು? ನಾನು ಹೊಲಿಗೆಯಂತ್ರದ ಮುಂದೆ ಕೂತು ಕಾಲು ಆಡಿಸುವುದನ್ನು ಮರೆತು ಅವಳನ್ನೇ ನೋಡುತ್ತಿದ್ದೆ. ಒಂದು ಮೀನಿನ ದೆಸೆಯಿಂದ ಅಮ್ಮನನ್ನು ಕಳೆದುಕೊಳ್ಳುವುದೆಂದರೆ ಅದನ್ನು ಯಾರಿಗೆ ಹೇಳಿಕೊಂಡು ಅಳುವುದು, ಕೇಳಿದವರು ನಗುವುದಿಲ್ಲವೇ ಎಂದು ಯೋಚಿಸಿ ಇನ್ನಷ್ಟು ಅಳು ಬರುತ್ತಿತ್ತು.

ಕಡೆಗೂ ತನಿಖೆಯ ಅಧಿಕಾರಿ ಬಂದರು. ಮಧ್ಯವಯಸ್ಸಿನವರು, ಹೆಗಲಿಗೆ ಲ್ಯಾಪ್‌ಟಾಪಿನ ಚೀಲ, ಬೆವರಿ ಹೋಗಿದ್ದರು. ನನ್ನ ಅಂಗಡಿಯಲ್ಲಿ ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂರಿಸಿ ಚಾ ತಂದೆ. ಕೈ ಅಡ್ಡ ಹಿಡಿದರು. ತನಿಖೆಗೆ ಬಂದ ಕಡೆ ಏನನ್ನೂ ಮುಟ್ಟುವ ಹಾಗಿಲ್ಲವಂತೆ. ಅಮ್ಮ ಅವರನ್ನು ಕೊಳೆತ ಮೀನನ್ನು ನೋಡುವ ಹಾಗೆ ನೋಡಿದಳು.

ಅವರು ಲ್ಯಾಪ್‌ಟಾಪು ತೆರೆದು ಗಂಟಲು ಸರಿ ಮಾಡಿಕೊಂಡರು. “ನೋಡಿ ಅಮ್ಮ, ಡಾಕ್ಟರು ನಿಮ್ಮಿಂದ ಅಂಜಲ್ ಮೀನು ಪಡೆದಿದ್ದಾರೆ, ನೀವು ಉಚಿತವಾಗಿ ಕೊಟ್ಟಿದ್ದೀರಿ ಅಂತ ನಿಮ್ಮ ಹೇಳಿಕೆ. ಆದರೆ ಡಾಕ್ಟರು ಆ ಮೀನನ್ನು ದುಡ್ಡು ಕೊಟ್ಟು ಖರೀದಿ ಮಾಡಿದ್ದೇನೆ ಅಂತ ಬರೆದು ಕೊಟ್ಟಿದ್ದಾರೆ. ರಶೀದಿ ಮಾತ್ರ ಇಲ್ಲ. ಎರಡರಲ್ಲಿ ಒಂದು ಸುಳ್ಳು.”

ನನ್ನ ಮೈ ಉರಿಯಿತು. ಅಷ್ಟು ಒಳ್ಳೆಯ ಮನುಷ್ಯ, ತನ್ನ ಕೊರಳು ಉಳಿಸಿಕೊಳ್ಳಲು ಹೀಗೆ ಸುಳ್ಳು ಹೇಳುವುದೇ ಎಂದುಕೊಂಡು ಅಮ್ಮನ ಕಡೆ ತಿರುಗಿದೆ. ಅವಳು ಈಗ ಗರ್ಜಿಸುತ್ತಾಳೆ ಎಂದು ಕಾದೆ. ಅಮ್ಮ ತನ್ನ ಸೊಂಟದ ಕಡೆ ನೋಡುತ್ತಿದ್ದಳು.

“ಅಮ್ಮ?” ಎಂದೆ.

ಅವಳು ನಿಧಾನಕ್ಕೆ ಸಂಚಿ ಬಿಚ್ಚಿದಳು. ಒಳಗಿನಿಂದ, ಅಡಿಕೆ ಚೂರಿನ ಕೆಳಗಿನಿಂದ, ನಾಲ್ಕು ಮಡಿಕೆ ಮಾಡಿದ ಒಂದು ಐನೂರರ ನೋಟು ತೆಗೆದು ನನ್ನ ಹೊಲಿಗೆಯಂತ್ರದ ಮೇಲೆ ಇಟ್ಟಳು.

“ಡಾಕ್ಟ್ರ್ ಸುಳ್ಳ್ ಹೇಳ್ಲಿಲ್ಲೆ. ನಾನೇ ತಕಂಡದ್.”

ನಡೆದದ್ದು ಇಷ್ಟು. ನಾನು ಸೀಲು ಹಾಕಿಸಲು ಕೆಳಗೆ ಹೋದಾಗ ಡಾಕ್ಟರು ಮೀನು ಬೇಡವೆಂದು ಹಟ ಹಿಡಿದರಂತೆ, ಅಮ್ಮ ಬುಟ್ಟಿಯಿಂದ ಹೊರಟ ಮೀನು ತಿರುಗಿ ಬುಟ್ಟಿಗೆ ಹೋಗದು ಎಂದು ಹಟ ಹಿಡಿದಳಂತೆ. ಕಡೆಗೆ ಡಾಕ್ಟರು, ಹಾಗಾದರೆ ನಾನು ಕೊಂಡುಕೊಳ್ಳುತ್ತೇನೆ ಎಂದು ಜೇಬಿನಿಂದ ಒಂದು ನೋಟು ತೆಗೆದು ಮುಂದೆ ಹಿಡಿದರು.

“ಬ್ಯಾಡ ಅಂದೇಳಿ ಹೇಳೂಕ್ ಬಾಯಿ ತೆಗ್ದೆ” ಎಂದಳು ಅಮ್ಮ. ಅಧಿಕಾರಿಗಲ್ಲ, ನನಗೆ. “ಆರೆ ಕೈ ಕೇಂಬುದಿಲ್ಲೆ. ಎಷ್ಟ್ ದಿನ ಆಯ್ತ್ ಹೆಣೆ, ನನ್ ಕೈ ಮೇಲೆ ಒಬ್ರ್ ದುಡ್ಡ್ ಇಡ್ದೆ. ಎಲ್ಲರೂ ಮಾತ್ರೆ ಇಡುದೇ. ಅದ್ ಬೋಣಿ. ಬೋಣಿ ಹ್ಯಾಂಗೆ ಬ್ಯಾಡ ಅಂಬುದ್?”

ಅವಳ ದನಿ ಒಡೆಯಿತು. ಡಾಕ್ಟರ ಕೈಯಿಂದಲೇ ದುಡ್ಡು ತೆಗೆದುಕೊಂಡೆ ಎಂದು ಹೇಳಲು ನಾಚಿಕೆಯಾಗಿ, ಅವರು ‘ತಕಂಡ್ರ್’ ಎಂದಷ್ಟೇ ನನಗೆ ಹೇಳಿದ್ದಳು. ನನಗೆ ಹೇಳಿದ್ದನ್ನೇ ಬೆಂಗಳೂರಿಗೂ ಹೇಳಿದ್ದಳು. ಅಷ್ಟು ದಿನ ಮೂಲೆಯಲ್ಲಿ ಕೂತು ಖಾಲಿ ಸಂಚಿಯನ್ನು ಬಿಚ್ಚಿ ಕಟ್ಟುತ್ತಿದ್ದವಳನ್ನು ಗದರಿದ್ದು ನೆನಪಾಯಿತು. ನಾನು ಹೋಗಿ ಅವಳ ಪಕ್ಕ ಕೂತೆ.

ಅಧಿಕಾರಿ ಮಾತ್ರ ಬೇರೆಯೇ ಸಂಕಟದಲ್ಲಿದ್ದರು. ವೈದ್ಯರು ರೋಗಿಯಿಂದ ಪಡೆದ ಮೊತ್ತ ಎಷ್ಟು ಎಂದು ಬರೆಯಲು ಅವರ ಕಂಪ್ಯೂಟರಿನಲ್ಲಿ ಜಾಗ ಇತ್ತು. ರೋಗಿ ವೈದ್ಯರಿಂದ ಪಡೆದದ್ದಕ್ಕೆ ಜಾಗವೇ ಇರಲಿಲ್ಲ. ಕಳೆಯುವ ಚಿಹ್ನೆ ಹಾಕಿ ಐನೂರು ಎಂದು ಒತ್ತಿ ನೋಡಿದರು. ಕಂಪ್ಯೂಟರು ಒಪ್ಪಲಿಲ್ಲ.

“ಮತ್ತೆ ಇನ್ನೊಂದು ವಿಷಯ” ಎಂದರು ಹಣೆ ಒರೆಸಿಕೊಂಡು. “ಅಷ್ಟು ದೊಡ್ಡ ಅಂಜಲಿಗೆ ಐನೂರು ತುಂಬ ಕಡಿಮೆ ಅಲ್ವಾ? ಉಳಿದದ್ದು ಉಡುಗೊರೆ ಆಗತ್ತೆ.”

“ಬೋಣಿಗೆ ಚೌಕಾಸಿ ಇಲ್ಲೆ” ಎಂದಳು ಅಮ್ಮ, ಕಣ್ಣೊರೆಸಿಕೊಂಡು, ಹಳೆಯ ಗಡಸಿನಲ್ಲೇ. “ಉಳ್ದದ್ ಕೊಸರು.”

“ಕೊಸರು ಎಷ್ಟು ಅಂತ ಬರೆಯಲಿ?”

“ಕೊಸರ್‌ಗೆ ಲೆಕ್ಕ ಬರೂಕಿತ್ತಾ ಮಾರಾಯ್ರೆ! ನಿಮ್ ಮನೆಲ್ ಮೀನ್ ತಪ್ಪುದಿಲ್ಯಾ?”

ಅವರ ಮನೆಯಲ್ಲಿ ಮೀನು ತರುವುದಿಲ್ಲವಂತೆ. ಆದರೆ ಸೊಪ್ಪು ಮಾರುವವಳು ಕೊತ್ತಂಬರಿಯ ನಾಲ್ಕು ಕಡ್ಡಿ ಮೇಲಿಂದ ಹಾಕುವುದು ನೆನಪಾಗಿರಬೇಕು. ಕೊಸರಿಗೆ ಕಾಲಮ್ಮಿಲ್ಲ ಎಂದು ತಮಗೆ ತಾವೇ ಹೇಳಿಕೊಂಡು ಅದನ್ನು ಬಿಟ್ಟರು. ಮತ್ತೆ ತಡೆದರು.

“ಇಲ್ಲಿ ನಿಮ್ಮ ಉದ್ಯೋಗ ಗೃಹಿಣಿ ಅಂತ ಇದೆಯಲ್ಲ. ಗೃಹಿಣಿ ಮೀನು ಮಾರಾಟ ಮಾಡಿದ್ದಾರೆ ಅಂದರೆ ಮೇಲಿನವರು ಒಪ್ಪೋದಿಲ್ಲ.”

ಅಮ್ಮ ಎದ್ದು ನಿಂತಳು. ನಾನು ಅವಳ ತೋಳು ಹಿಡಿದುಕೊಂಡೆ. “ಅದನ್ನ್ ತೆಗಿನಿ ಅಂದೇಳಿ ಅವತ್ತಿಂದ ಹೇಳ್ತಾ ಇದ್ದೆ. ಯಾರೂ ಕೇಂಬವ್ರಿಲ್ಲೆ. ಬರೀನಿ. ಮೀನ್ ವ್ಯಾಪಾರ.”

ಅಧಿಕಾರಿ ಗೃಹಿಣಿ ಎಂಬುದನ್ನು ಅಳಿಸಿ, ಒಂದೊಂದೇ ಅಕ್ಷರ ಒತ್ತಿ, ‘ಮೀನು ವ್ಯಾಪಾರ’ ಎಂದು ಬರೆದು ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿದರು. ನಾನು ಓದಿ ಹೇಳಿದೆ. ಅಮ್ಮ ಇನ್ನೊಮ್ಮೆ ಓದು ಎಂದಳು. ಇನ್ನೊಮ್ಮೆ ಓದಿದೆ. ಆಮೇಲೆ ಅವರು ಪುರಾವೆಗೆಂದು ಆ ನೋಟಿನ ಫೋಟೋ ತೆಗೆದರು. ಅಡಿಕೆಯ ಕಲೆ ಫೋಟೋದಲ್ಲೂ ಬಂತು. ಎಲ್ಲ ಮುಗಿದ ಮೇಲೆ ಆರಿದ ಚಾ ಎತ್ತಿ ಒಂದೇ ಗುಟುಕಿಗೆ ಕುಡಿದು, ಹೊರಡುವಾಗ ಹತ್ತು ರೂಪಾಯಿ ಸ್ಟೂಲಿನ ಮೇಲೆ ಇಟ್ಟು ಹೋದರು. ಅಮ್ಮ ಅದನ್ನೂ ಕಣ್ಣಿಗೆ ಒತ್ತಿಕೊಂಡಳು.

ಮಂಜೂರಾತಿ ಬಂತು. ಎರಡನೇ ಸ್ಪ್ರಿಂಗು ಕೂತಿತು. ಆಪರೇಷನ್ ಕೋಣೆಯ ಬಾಗಿಲಲ್ಲಿ ಡಾಕ್ಟರು ಅಮ್ಮನ ಎರಡೂ ಕೈ ಖಾಲಿ ಇದೆಯೇ ಎಂದು ನೋಡಿಯೇ ಒಳಗೆ ಕರೆದುಕೊಂಡರು ಎಂದು ನರ್ಸು ಆಮೇಲೆ ಹೇಳಿ ನಕ್ಕರು. ಈ ಸಲ ಅಮ್ಮ ಬಾವಿಯ ತನಕ ನಿಲ್ಲದೆ ಹೋಗಿ ಬಂದಳು. ಹೂವಿಲ್ಲದ ಗಿಡದ ಕಡೆ ತಿರುಗಿಯೂ ನೋಡಲಿಲ್ಲ. ಬೆಂಗಳೂರಿನ ಹುಡುಗಿ ಮತ್ತೆ ಫೋನು ಮಾಡುವ ಮೊದಲೇ ನಾನು ನನ್ನ ನಂಬರು ತೆಗೆದು ನನ್ನ ಗಂಡನ ನಂಬರು ಕೊಟ್ಟಿದ್ದೆ.

ಅಮ್ಮ ಮಾರ್ಕೆಟ್ಟಿಗೆ ಮರಳಿದ್ದು ಮಳೆಗಾಲ ಕಳೆದು ದೋಣಿಗಳು ಮತ್ತೆ ಕಡಲಿಗೆ ಇಳಿದ ಮೇಲೆ. ಬುಟ್ಟಿ ಹೊರುವ ಹಾಗಿಲ್ಲ, ರಿಕ್ಷಾದಲ್ಲಿ ತರಿಸಿಕೊಂಡು ಮಣೆಯ ಮೇಲೆ ಕೂತು ಮಾರಬಹುದು ಎಂದು ಡಾಕ್ಟರೇ ಹೇಳಿದ್ದರು. ಒಂದು ಭಾನುವಾರ ನಾನೂ ಜೊತೆಗಿದ್ದೆ. ಗಿರಾಕಿಗಳ ನಡುವೆ ಚೀಲ ಹಿಡಿದು ಒಬ್ಬರು ನಿಂತಿದ್ದರು. ಚಡ್ಡಿ, ಚಪ್ಪಲಿ, ತಲೆಗೆ ಟೊಪ್ಪಿ. ಬಿಳಿ ಕೋಟು ಇಲ್ಲದ್ದರಿಂದ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು.

“ಬಂಗುಡೆ ಹೇಗೆ?” ಎಂದರು ಡಾಕ್ಟರು.

ಅಮ್ಮ ಎಲ್ಲರಿಗೂ ಹೇಳುವ ಬೆಲೆಯನ್ನೇ ಹೇಳಿದಳು. ಅವರು ಚೌಕಾಸಿ ಮಾಡಲು ನೋಡಿದರು, ಬರಲಿಲ್ಲ. ಪೂರ್ತಿ ದುಡ್ಡು ಕೊಟ್ಟು, ಚೀಲ ಒಡ್ಡಿ, ರಶೀದಿ ಸಿಗುತ್ತದೆಯೇ ಎಂದು ಕೇಳಿದರು. ತಮಾಷೆಗೆ ಕೇಳಿದ್ದೋ ನಿಜಕ್ಕೂ ಬೇಕಿತ್ತೋ ಗೊತ್ತಾಗಲಿಲ್ಲ.

“ರಶೀದಿ ಇರ್ಲಿ. ಸರ್ಕಾರ ದುಡ್ಡ್ ಕೊಡ್ತಾ?” ಎಂದಳು ಅಮ್ಮ.

“ಬಂತಮ್ಮ. ಎರಡೂ ಬಂತು. ಸ್ವಲ್ಪ ಕಡಿದುಕೊಂಡು ಕೊಟ್ಟರು ಅಷ್ಟೆ.”

“ಕಡ್ಕಂಡಾ? ಎಂತಕೆ?”

“ಫೋಟೋ ಒಂದು ಸ್ಪಷ್ಟ ಇರಲಿಲ್ಲವಂತೆ.”

ಸುತ್ತಲಿನ ಹೆಂಗಸರೆಲ್ಲ ಮಾತು ನಿಲ್ಲಿಸಿ ಈ ಕಡೆ ನೋಡಿದರು. ತಾನೇ ಬೆಲೆ ಹೇಳಿ, ತಿಂಗಳುಗಟ್ಟಲೆ ಕಾಯಿಸಿ, ಕೊಡುವಾಗ ಮತ್ತೆ ಕಡಿದುಕೊಳ್ಳುವುದೆಂದರೆ ಆ ಮಾರ್ಕೆಟ್ಟಿನಲ್ಲಿ ಅದಕ್ಕೆ ಕ್ಷಮೆಯೇ ಇಲ್ಲ. ಅಮ್ಮನ ಮೂಗು ಅರಳಿತು. ಕೂಗಾಡಬಾರದು ಎಂದು ನಾನು ಹೇಳುವ ಮೊದಲೇ ಡಾಕ್ಟರು ಗಾಬರಿಯಿಂದ ಕೈ ಎತ್ತಿದರು. ಆದರೆ ಅಮ್ಮ ಕೂಗಲಿಲ್ಲ. ಹಿಂದಕ್ಕೆ ಬಾಗಿ, ಐಸಿನ ಪೆಟ್ಟಿಗೆಯಿಂದ ಒಂದು ಅಂಜಲನ್ನು ಬಾಲ ಹಿಡಿದು ಎಳೆದು, ಡಾಕ್ಟರ ಚೀಲದೊಳಗೆ ಬಂಗುಡೆಯ ಮೇಲೆ ಹಾಕಿದಳು. ಚೀಲ ಅವರ ಕೈಯನ್ನು ಜಗ್ಗಿತು.

“ಅಮ್ಮಾ, ಬೇಡ, ಮತ್ತೆ ತನಿಖೆ…”

“ಇದ್ ನಾನ್ ಕೊಡುದಲ್ಲ ಡಾಕ್ಟ್ರೇ. ಸರ್ಕಾರದ್ ಕೊಸರು. ಅವ್ಕೆ ಹಾಕೂಕ್ ಗೊತ್ತಿಲ್ಲೆ, ಅವ್ರ್ ಲೆಕ್ಕದಲ್ ನಾನೇ ಹಾಕ್ದೆ.”

ಡಾಕ್ಟರು ಒಂದು ಸಲ ನನ್ನ ಮುಖ ನೋಡಿದರು, ಒಂದು ಸಲ ಚೀಲ ನೋಡಿದರು. ಆಮೇಲೆ ಅಮ್ಮನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಅಷ್ಟು ಜನರ ನಡುವೆ, ಅವಳ ಮಣಿಕಟ್ಟು ಹಿಡಿದು ನಾಡಿ ನೋಡಿದರು. ಇದು ಎಂತಕೆ ಎಂದಳು ಅಮ್ಮ.

“ಕೊಸರು” ಎಂದರು ಡಾಕ್ಟರು.